ಮತ ಹಾಕಿದ ಮೇಲೆ ಗೊತ್ತಾದದ್ದು

2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕನ್ ಏರ್‌ಲೈನ್ಸ್ ಸಾವಿರಾರು ಸಿಬ್ಬಂದಿಯನ್ನು ಫರ್ಲೋ ಮೇಲೆ ಮನೆಗೆ ಕಳಿಸಿತು. ಹೆಸರು ಪಟ್ಟಿಯಲ್ಲಿರುತ್ತದೆ, ಸಂಬಳ ಬರುವುದಿಲ್ಲ. 2003ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಾಗ, ಉಳಿದವರ ಮೂರು ಸಂಘಗಳು ವರ್ಷಕ್ಕೆ 160 ಕೋಟಿ ಡಾಲರ್‌ಗೂ ಹೆಚ್ಚು ಬಿಟ್ಟುಕೊಡಲು ಮತ ಹಾಕಿದವು. ವಿಮಾನ ಪರಿಚಾರಕರು ಮೊದಲು ನಿರಾಕರಿಸಿದ್ದರು. ಮತದಾನವನ್ನು ಒಂದು ದಿನ ವಿಸ್ತರಿಸಿದ ಮೇಲಷ್ಟೇ ಒಪ್ಪಿದರು.

ಅದೇ ವಾರ ಕಂಪನಿಯ ವಾರ್ಷಿಕ ವರದಿಯಿಂದ ಬೇರೆಯೇ ಸುದ್ದಿ ಹೊರಬಿತ್ತು. ಕೆಲವು ಉನ್ನತಾಧಿಕಾರಿಗಳು ಕೆಲಸ ಬಿಡದಿರಲೆಂದು ಮೂಲವೇತನದ ಎರಡು ಪಟ್ಟು ಬೋನಸ್. ದಿವಾಳಿಯಾದರೂ 45 ಅಧಿಕಾರಿಗಳ ಪಿಂಚಣಿ ಉಳಿಯಲೆಂದು 4.1 ಕೋಟಿ ಡಾಲರಿನ ಟ್ರಸ್ಟ್. ಗಲಾಟೆಯಾಗಿ ಬೋನಸ್ ರದ್ದಾಯಿತು, ಸಿಟ್ಟು ಆರಲಿಲ್ಲ. ಏಪ್ರಿಲ್ 24ರಂದು ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಟ್ಟರು.

ಲೆಕ್ಕ ಹಾಕಿದರೆ ಆ ಟ್ರಸ್ಟ್ ಸಿಬ್ಬಂದಿ ಬಿಟ್ಟುಕೊಟ್ಟದ್ದರಲ್ಲಿ ಸುಮಾರು ನಲವತ್ತನೇ ಒಂದು ಪಾಲು. ಅದನ್ನು ಕೈಬಿಟ್ಟಿದ್ದರೆ ಕಂಪನಿಯೇನೂ ಉದ್ಧಾರವಾಗುತ್ತಿರಲಿಲ್ಲ. ಜನರನ್ನು ಕೆರಳಿಸಿದ್ದು ಮೊತ್ತವಲ್ಲ, ಮತ ಬೀಳುವ ತನಕ ಸುದ್ದಿ ತಿಳಿಯದೇ ಹೋದದ್ದು. ಗೊತ್ತಿಲ್ಲದೆ ಮಾಡಿದ ತ್ಯಾಗಕ್ಕೆ ಮೋಸಹೋದೆವು ಎಂಬ ಹೆಸರು ಬಂತು. 2006ರಲ್ಲಿ ಸಿಬ್ಬಂದಿ ಇನ್ನೂ ಕಡಿತದ ಸಂಬಳದಲ್ಲೇ ಇದ್ದಾಗ ಅಧಿಕಾರಿಗಳಿಗೆ ಷೇರು ಬೋನಸ್ ಬಂದು ಹಳೆ ಗಾಯ ಮತ್ತೆ ಕೆದಕಿತು. 2011ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು.

ನಮ್ಮ ಐಟಿಯಲ್ಲಿ ಸಂಬಳವಿಲ್ಲದ ರಜೆಯ ಸುದ್ದಿಯನ್ನು ತಂಡಕ್ಕೆ ಹೇಳುವವರು ನನ್ನಂಥ ಪ್ರಾಜೆಕ್ಟ್ ಮ್ಯಾನೇಜರುಗಳೇ. ಕಷ್ಟ ಎಲ್ಲರಿಗೂ ಸಮಪಾಲು ಎಂದು ಹೇಳುವ ಮೊದಲು ಮೇಲಿನವರ ಪಾಲೆಷ್ಟು ಎಂದು ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸದ್ದೇ ಭಾಗ.