ಗಂಜಿ, ಉಪ್ಪಿನಕಾಯಿ ಮತ್ತು ಸೆಕೆಂಡಿನ ನೂರನೇ ಪಾಲು

2024ರ ಆಗಸ್ಟ್ 7ರಂದು ಕಾರವಾರದ ನಮ್ಮ ಕೇರಿಯಲ್ಲಿ ಒಲೆ ಹೊತ್ತಿಸುವುದೂ ತಡವಾಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ದಾಟಿದ ಮೇಲೆ ಮುರಿದು ನೀರಿಗೆ ಬಿದ್ದಿತ್ತು. ಮೇಲೆ ಹೋಗುತ್ತಿದ್ದ ಲಾರಿಯೂ ಹೊಳೆ ಪಾಲಾಗಿ, ಪುಣ್ಯಕ್ಕೆ ಅದರ ಚಾಲಕ ಬದುಕಿಕೊಂಡಿದ್ದ. ಮೂರು ವಾರದ ಹಿಂದಷ್ಟೇ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋಗಿದ್ದವು. ಆ ಮಳೆಗಾಲದಲ್ಲಿ ನಾವು ಯಾವ ಸುದ್ದಿಗೂ ಧೈರ್ಯ ಸಾಲದವರಾಗಿದ್ದೆವು.

ಮಧ್ಯಾಹ್ನ ಪ್ಯಾರಿಸ್ಸಿನಿಂದ ಇನ್ನೊಂದು ಸುದ್ದಿ ಬಂತು. ಕುಸ್ತಿಯ ಫೈನಲ್ ತಲುಪಿದ್ದ ವಿನೇಶ್ ಫೋಗಟ್ 50 ಕಿಲೋ ವಿಭಾಗಕ್ಕೆ 100 ಗ್ರಾಂ ಹೆಚ್ಚು ತೂಗಿದಳೆಂದು ಅನರ್ಹಳಾಗಿದ್ದಳು. ನಾನು ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದವಳು ಕೈಯಲ್ಲಿದ್ದ ಪಾವನ್ನು ಹಾಗೇ ಕೆಳಗಿಟ್ಟೆ. ನೂರು ಗ್ರಾಂ ಅಂದರೆ ಎಷ್ಟು? ಹೆಚ್ಚೆಂದರೆ ಎರಡು ಮುಷ್ಟಿ ಅಕ್ಕಿ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಮನೆಯವರು, “ಸೇತುವೆ ಬಿದ್ದದ್ದಕ್ಕೆ ಅಳಲಿಲ್ಲ, ಹರಿಯಾಣದ ಹುಡುಗಿಗೆ ಅಳುತ್ತೀಯಲ್ಲ!” ಎಂದರು. ಸೇತುವೆಗೂ ಬೇಜಾರಾಗಿತ್ತು. ಆದರೆ ಆಟದ ವಿಷಯದಲ್ಲಿ ನನ್ನ ಅಳು ಬಹಳ ಹಳೆಯದು, ಅದಕ್ಕೆ ಐವತ್ತು ವರ್ಷ ದಾಟಿದೆ.

ಅಂಕೋಲೆಯ ನಮ್ಮ ತವರಿಗೆ ಹೊರಗಿನ ಜಗತ್ತು ಬರುತ್ತಿದ್ದುದು ಎರಡೇ ದಾರಿಯಲ್ಲಿ. ಹುಬ್ಬಳ್ಳಿ ಬಸ್ಸಿನಲ್ಲಿ ಪತ್ರಿಕೆ, ಅಪ್ಪನ ರೇಡಿಯೋದಲ್ಲಿ ಉಳಿದದ್ದೆಲ್ಲ. 1971ರ ಆಗಸ್ಟ್ 24ರ ಚೌತಿ ನನಗಿನ್ನೂ ನೆನಪಿದೆ. ಮನೆ ತುಂಬ ನೆಂಟರು, ಗಣಪತಿಯ ಮೇಲೆ ಕಟ್ಟಿದ ಫಲಾವಳಿ, ಒಳಗೆ ಚಕ್ಕುಲಿಯ ವಾಸನೆ. ಅದೇ ಹೊತ್ತಿಗೆ ಲಂಡನ್ನಿನ ಓವಲ್ ಮೈದಾನದಲ್ಲಿ ನಮ್ಮವರು ಇಂಗ್ಲೆಂಡಿನ ಮೇಲೆ ಗೆಲ್ಲಲು ಹೊರಟಿದ್ದರು. ಹಿಂದಿನ ದಿನ ನಮ್ಮ ಮೈಸೂರಿನ ಚಂದ್ರಶೇಖರ್, ಪೋಲಿಯೋದಿಂದ ಸೊರಗಿದ ಅದೇ ಬಲಗೈಯಲ್ಲಿ, 38 ರನ್ನಿಗೆ 6 ವಿಕೆಟ್ ಕಿತ್ತಿದ್ದರು. ಸಂಜೆಯ ಆರತಿಯ ಹೊತ್ತಿಗೆ ಅಬಿದ್ ಅಲಿ ಬೌಂಡರಿ ಹೊಡೆದದ್ದೇ ತಡ, ಅಪ್ಪ ಜಾಗಟೆಯನ್ನು ಹೊಡೆದ ಹೊಡೆತಕ್ಕೆ ಅಜ್ಜಿ ಬೆಚ್ಚಿಬಿದ್ದು, “ದೇವರಿಗೆ ಹೊಡೀತಿಯೋ, ಆ ಡಬ್ಬಿಗೆ ಹೊಡೀತಿಯೋ?” ಎಂದು ಕೇಳಿದ್ದಳು. ಅಲ್ಲಿ ಓವಲ್ ಮೈದಾನಕ್ಕೂ ಅಭಿಮಾನಿಗಳು ಚೌತಿಯೆಂದು ಒಂದು ಆನೆಯನ್ನು ತಂದಿದ್ದರಂತೆ. ಆ ವಿಷಯ ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಂದೇ ತಿಳಿದಿದ್ದರೆ ಅಜ್ಜಿಯೂ ಕ್ರಿಕೆಟ್ಟಿಗೆ ಒಂದು ಪಂಚಕಜ್ಜಾಯ ಎತ್ತಿಡುತ್ತಿದ್ದಳೋ ಏನೋ.

ನನಗೆ ಕೇಳುವುದಕ್ಕಿಂತ ಓಡುವ ಹುಚ್ಚು ಹೆಚ್ಚು. ಇಳಿತದ ಹೊತ್ತಿನಲ್ಲಿ ಕಡಲು ಹಿಂದೆ ಸರಿದಾಗ ಗಟ್ಟಿಯಾಗುವ ಮರಳಿದೆಯಲ್ಲ, ಅದರ ಮೇಲೆ ಬರಿಗಾಲಲ್ಲಿ ಓಡಿದವರಿಗೆ ಬೇರೆ ಮೈದಾನ ಬೇಡ. ಮೀನುಬುಟ್ಟಿ ಹೊತ್ತು ಬಿರುಸಾಗಿ ಬರುವ ಹೆಂಗಸರ ಜೊತೆ ಪಂದ್ಯ ಕಟ್ಟಿ ಸೋತಿದ್ದೇನೆ. ಅವರ ನಡಿಗೆಯೇ ನನ್ನ ಓಟ! ಒಂಬತ್ತನೇ ಕ್ಲಾಸಿನಲ್ಲಿ ಇನ್ನೂರು ಮೀಟರಿಗೆ ಹೆಸರು ಕೊಟ್ಟೆ. ಹೆಸರಿನ ಪಟ್ಟಿ ಗೋಡೆಗೆ ಹಚ್ಚಿದಾಗ ನನ್ನ ಹೆಸರ ಮೇಲೆ ಗೆರೆ ಎಳೆದಿತ್ತು. ಯಾರು ಎಳೆದರೆಂದು ಇಲ್ಲಿ ಹೇಳುವುದು ಬೇಡ. ಅಮ್ಮನಿಗೆ ಅದು ಮೊದಲೇ ಗೊತ್ತಿತ್ತು. “ಸಾಕು ಮಗಾ ಓಡಿದ್ದು. ದೊಡ್ಡವಳಾದೆ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಎದುರು ಮಾತಾಡುವುದಕ್ಕೂ ಆಗಲಿಲ್ಲ.

ಅದೇ ವರ್ಷ, 1975ರ ಮಾರ್ಚ್ 15ರಂದು, ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಹಾಕಿಯ ವಿಶ್ವಕಪ್ ಗೆದ್ದಿತು. ಮನೆಯೆಲ್ಲ ಕುಣಿಯಿತು, ನಾನೂ ಕುಣಿದೆ. ರಾತ್ರಿ ಮಲಗಿದ ಮೇಲೆ ಮಾತ್ರ ಒಂದು ವಿಚಾರ ಕೊರೆಯತೊಡಗಿತು: ಅಪ್ಪ ಊರೇ ಕಾಣದ ಅಶೋಕ್ ಕುಮಾರನ ಗೋಲಿಗೆ ಇಷ್ಟು ಕುಣಿದರಲ್ಲ, ನನ್ನ ಇನ್ನೂರು ಮೀಟರಿಗೆ ಯಾಕೆ ಒಂದು ಮಾತೂ ಆಡಲಿಲ್ಲ? ಅಪ್ಪ ಒಳ್ಳೆಯವರು. ಒಳ್ಳೆಯವರ ಮನೆಯಲ್ಲೂ ಹೀಗೇ ಇತ್ತು.

ಮದುವೆಯಾಗಿ ಕಾರವಾರಕ್ಕೆ ಬಂದದ್ದು 1982ರಲ್ಲಿ. ಮರುವರ್ಷ ಜೂನ್ 25ರಂದು ಕಪಿಲ್ ದೇವ್ ತಂಡ ಬರೀ 183 ರನ್ ಮಾಡಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿತು. ಜಡಿಮಳೆ, ಕರೆಂಟಿಲ್ಲ, ಬ್ಯಾಟರಿಯ ರೇಡಿಯೋ. ಅತ್ತೆಯವರ ಎದುರು ಹೊಸ ಸೊಸೆ ಕೂಗಿಕೊಳ್ಳುವುದು ಹೇಗೆ? ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಕುಣಿದೆ. ಆ ಕಪ್ಪಿನಲ್ಲಿ ಅತಿ ಹೆಚ್ಚು, ಅಂದರೆ 18 ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಎಂಬುದನ್ನು ಕಪಿಲನ ಗದ್ದಲದಲ್ಲಿ ಜನ ಮರೆಯುತ್ತಾರೆ, ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ನಿಜವಾದ ಕಥೆ ಅದರ ಮರುವರ್ಷದ್ದು. 1984ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನ ಫೈನಲ್ ಓಡಿದಳು. ಅವಳ ಸಮಯ 55.42 ಸೆಕೆಂಡು. ಮೂರನೆಯವಳಾದ ರುಮೇನಿಯಾದ ಕ್ರಿಸ್ಟೀನಾ ಕೊಜೊಕಾರು ಓಡಿದ್ದು 55.41ರಲ್ಲಿ. ಸೆಕೆಂಡಿನ ನೂರನೇ ಒಂದು ಪಾಲು! ರೇಡಿಯೋದಲ್ಲಿ ಕೇಳಿದಾಗ ಹೊಟ್ಟೆಯಲ್ಲಿ ಬಸುರಿತ್ತು, ಆರು ತಿಂಗಳು. ಆ ಪಾಲನ್ನು ಹೇಗೆ ಎಣಿಸುತ್ತಾರೆಂದೇ ತಿಳಿಯದೆ, ಕಣ್ಣುರೆಪ್ಪೆ ಬಡಿಯುತ್ತ ಅಳೆದು ನೋಡಿದೆ. ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕಂತೆ.

ನಮ್ಮ ಕಡೆಯವರಿಗೆ ಇನ್ನೂ ಹೊಟ್ಟೆ ಉರಿಯುವ ಸಂಗತಿ ಉಷಾ ತಾನೇ ಮುಂದೆ ಹೇಳಿಕೊಂಡದ್ದು. ಅಲ್ಲಿ ತನಗೆ ಒಗ್ಗುವ ಊಟ ಸಿಗದೆ ಗಂಜಿ ಮತ್ತು ಉಪ್ಪಿನಕಾಯಿಯ ಮೇಲೆ ದಿನ ಕಳೆದೆ, ಕೊನೆಯ ಮೂವತ್ತೈದು ಮೀಟರಿನಲ್ಲಿ ಕಸುವು ಸಾಲಲಿಲ್ಲ ಎಂದಳು. ಗಂಜಿ ಎಂದರೆ ನಮಗೆ ಹೊಸದೇ? ಜ್ವರ ಬಂದರೆ ಗಂಜಿ, ಬಾಣಂತನಕ್ಕೆ ಗಂಜಿ, ಮಳೆಗಾಲದಲ್ಲಿ ಕೆಲಸವಿಲ್ಲದ ಮನೆಗೂ ಗಂಜಿ. ಅದನ್ನೇ ಕುಡಿದು ಜಗತ್ತಿನ ನಾಲ್ಕನೆಯವಳಾದದ್ದು ಹೆಮ್ಮೆಯೋ, ನಾಚಿಕೆಯೋ? ನನಗೆ ಎರಡೂ ಅನಿಸಿತು. ಹೆಮ್ಮೆ ಅವಳ ಲೆಕ್ಕಕ್ಕೆ, ನಾಚಿಕೆ ನಮ್ಮ ಲೆಕ್ಕಕ್ಕೆ. ಮನೆಯಲ್ಲಿ ಓಡುವ ಮಗಳಿಗೆ ಒಂದು ಮೊಟ್ಟೆ, ಒಂದು ಲೋಟ ಹಾಲು ಹೆಚ್ಚು ಬಡಿಸಲು ಹಿಂದೆಮುಂದೆ ನೋಡುವ ನಾವು, ಅವಳು ಪದಕ ತರಲಿಲ್ಲವೆಂದು ಬೇಗ ಸಿಟ್ಟಾಗುತ್ತೇವೆ.

ಅಂದು ಗೆದ್ದವಳು ಮೊರಾಕ್ಕೊದ ನವಾಲ್ ಎಲ್ ಮುತವಕ್ಕಿಲ್. ಅವಳ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅವಳ ಹೆಸರಿಡಬೇಕೆಂದು ಅಲ್ಲಿಯ ದೊರೆ ಹೇಳಿದನೆಂಬ ಮಾತಿದೆ. ಉಷಾಗೆ ಅಳುತ್ತಲೇ ನನಗೆ ನವಾಲಳ ಬಗ್ಗೆಯೂ ಸಂತೋಷವಾಯಿತು. ಇದನ್ನು ಹೇಳಿದಾಗ ಮನೆಯವರಿಗೆ ಅಷ್ಟು ಹಿಡಿಸಲಿಲ್ಲ. “ನೀನು ಯಾವ ದೇಶದವಳು?” ಎಂದು ಕೇಳಿದರು. ನಮ್ಮಿಬ್ಬರ ಈ ಜಗಳ ಮುಗಿದಿಲ್ಲ. ಎದುರಿನವಳು ಚೆನ್ನಾಗಿ ಆಡಿದರೆ ಚಪ್ಪಾಳೆ ಹೊಡೆಯದವನು ಆಟ ನೋಡಲೇ ಬಾರದು ಎನ್ನುವುದು ನನ್ನ ಪಕ್ಷ. 1996ರಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ಸೋಲುತ್ತೇವೆಂದು ಕಂಡಾಗ ಕಲ್ಕತ್ತೆಯಲ್ಲಿ ಬಾಟಲಿ ಎಸೆದು, ಬೆಂಕಿ ಹಚ್ಚಿ, ಪಂದ್ಯವನ್ನೇ ಶ್ರೀಲಂಕಾಕ್ಕೆ ಬಿಟ್ಟುಕೊಡುವಂತೆ ಮಾಡಿದರು. 1999ರಲ್ಲಿ ಚೆನ್ನೈನಲ್ಲಿ ಪಾಕಿಸ್ತಾನ ನಮ್ಮನ್ನು 12 ರನ್ನಿನಿಂದ ಸೋಲಿಸಿದಾಗ ಅದೇ ದೇಶದ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ನಾನು ಯಾವ ದೇಶದವಳು ಎಂದು ಕೇಳಿದರೆ, ಆ ಚೆನ್ನೈ ಮೈದಾನದ ದೇಶದವಳು ಎಂದೇ ಹೇಳುತ್ತೇನೆ.

ಉಷಾ ಸೋತು ಕೂಡಲಿಲ್ಲ. 1986ರಲ್ಲಿ ಸೋಲ್ ಏಷ್ಯಾಡಿನಲ್ಲಿ ಭಾರತಕ್ಕೆ ಬಂದ ಒಟ್ಟು ಚಿನ್ನ ಐದು, ಅದರಲ್ಲಿ ನಾಲ್ಕಕ್ಕೆ ಅವಳ ಕಾಲು ತಾಗಿತ್ತು. ಮೂರು ಒಬ್ಬಳೇ ಗೆದ್ದದ್ದು, ನಾಲ್ಕನೆಯದು 4×400 ರಿಲೇ. ಉಳಿದ ಒಂದು ಕುಸ್ತಿಯ ಕರ್ತಾರ್ ಸಿಂಗರದು. ಕೋಟಿಗಟ್ಟಲೆ ಗಂಡಸರ ದೇಶದ ಮಾನವನ್ನು ಕೇರಳದ ಒಂದು ಹಳ್ಳಿಯ ಹುಡುಗಿ ಉಳಿಸಿದಳು. ನನ್ನ ಮಗಳಿಗೆ ಆಗ ಎರಡು ತುಂಬುತ್ತ ಬಂದಿತ್ತು. ಅಂಗಳದಲ್ಲಿ ಅವಳು ಓಡಿದರೆ ನಾನು ತಡೆಯುತ್ತಿರಲಿಲ್ಲ. ಮುಂದೆ ಅವಳಿಗೆ ಓಟಕ್ಕಿಂತ ಗಣಿತವೇ ಹೆಚ್ಚು ಇಷ್ಟವಾಯಿತು, ಅದು ಬೇರೆ ಮಾತು!

ಆ ದಶಕದ ಕೊನೆಗೆ ದೊಡ್ಡ ಆಟದ ಕಣ್ಣು ನಮ್ಮ ಜಿಲ್ಲೆಯ ಕಾಡಿನ ಮೇಲೂ ಬಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ನಮ್ಮ ಅಂಕೋಲೆಯ ಘಟ್ಟದ ಮಗ್ಗುಲಲ್ಲೂ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟರೆ ಒಲಿಂಪಿಕ್ ಪದಕ ಬರುತ್ತದೆಂದು ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆ ಮಾಡಿತು. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಕಾಲ. ಕಾಡಿನ ಮಕ್ಕಳು ದೊಡ್ಡ ಊರುಗಳ ವಸತಿಗೃಹಗಳಿಗೆ ಹೋದರು, ಬೂಟು ಹಾಕಿದರು, ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕಮಲಾ ಸಿದ್ದಿಯ ಹೆಸರು ಆಗ ಪತ್ರಿಕೆಗಳಲ್ಲಿ ಬಂತು. 1990ರ ದಶಕ ಅರ್ಧ ಸರಿಯುವ ಮೊದಲೇ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಆಟದ ಮೇಲೆ ನೌಕರಿ ಸಿಕ್ಕಿತು, ಉಳಿದವರು ಹೊಲಕ್ಕೆ, ಕೂಲಿಗೆ ಮರಳಿದರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು ಕೂಡ 2003ರಲ್ಲಿ.

ನನಗೆ ಅಂದೂ ಒಪ್ಪಿಗೆಯಾಗದ ಮಾತು ಒಂದಿತ್ತು. “ಆಫ್ರಿಕಾದ ರಕ್ತ, ಓಡಿಯೇ ಓಡುತ್ತಾರೆ” ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕಿ ಯಾವ ಗದ್ದೆಯದೆಂದು ತಿಳಿದ ಮಾತ್ರಕ್ಕೆ ಅನ್ನವಾಗುತ್ತದೆಯೇ? ಒಲೆ ಉರಿಯಬೇಕು, ನೀರು ಕುದಿಯಬೇಕು, ಒಬ್ಬರು ಹತ್ತಿರ ಕೂತು ನೋಡಬೇಕು. ಐದಾರು ವರ್ಷಕ್ಕೇ ಒಲೆ ಆರಿಸಿ, ಅಕ್ಕಿ ಬೇಯಲಿಲ್ಲವೆಂದರೆ ಯಾರ ತಪ್ಪು? ಆ ಮಕ್ಕಳಿಗೆ ಓಡುವ ಖುಷಿ ಇದೆಯೇ, ಅವರ ತಾಯಂದಿರಿಗೆ ಏನನಿಸುತ್ತದೆ ಎಂದು ಕೇಳಿದವರು ಕಡಿಮೆ. ಸುಮಾರು 2015ರಿಂದೀಚೆ ಮುಂಡಗೋಡದ ಕಡೆ ಖಾಸಗಿ ಸಂಸ್ಥೆಯೊಂದು ಮತ್ತೆ ಸಿದ್ದಿ ಮಕ್ಕಳಿಗೆ ಓಟ ಕಲಿಸುತ್ತಿದೆಯೆಂದು ಓದಿದಾಗ, ಈ ಸಲವಾದರೂ ಒಲೆ ಆರದಿರಲಿ ಎಂದುಕೊಂಡೆ.

ಉರಿಯುತ್ತ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಶಿರಸಿ ಕಡೆಯ ಕಾಶಿನಾಥ ನಾಯ್ಕರಿದ್ದಾರೆ. ಸೈನ್ಯ ಸೇರಿದರು, ಅಲ್ಲಿ ವರ್ಷಗಟ್ಟಲೆ ಜಾವೆಲಿನ್ ಎಸೆದರು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ತಂದರು, ಆಮೇಲೆ ರಾಷ್ಟ್ರೀಯ ಶಿಬಿರದಲ್ಲಿ ತರಬೇತಿ ಕೊಟ್ಟರು. ಟೋಕಿಯೋದಲ್ಲಿ ನೀರಜ್ ಚೋಪ್ರಾನ ಜಾವೆಲಿನ್ 87.58 ಮೀಟರ್ ಹಾರಿ ನೆಲಕ್ಕೆ ನಾಟಿದಾಗ ನಾನು ಈ ಎಲ್ಲವನ್ನೂ ಒಂದೇ ಉಸಿರಿಗೆ ಪಕ್ಕದ ಮನೆಯವರಿಗೆ ಹೇಳಿದ್ದೆ.

ವಿನೇಶಳ ವಿಷಯಕ್ಕೆ ಬರುತ್ತೇನೆ. ಹಿಂದಿನ ದಿನವಷ್ಟೇ ಅವಳು, ಹೊರದೇಶದ ಯಾರಿಗೂ ಸೋಲದಿದ್ದ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದ್ದಳು. ಆ ಮಧ್ಯಾಹ್ನವೇ “ಇದು ಪಿತೂರಿ” ಎಂಬ ಕೂಗು ಶುರುವಾಯಿತು. ನನಗೆ ಹಾಗನಿಸಲಿಲ್ಲ. ತಕ್ಕಡಿ ಎಲ್ಲರಿಗೂ ಒಂದೇ, ಗಡಿಯಾರವೂ ಒಂದೇ. ತಕ್ಕಡಿ ಹತ್ತುವ ತನಕದ ದಾರಿ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಹಿಂದಿನ ವರ್ಷ ಅವಳು ದೆಹಲಿಯ ಬೀದಿಯಲ್ಲಿ ಧರಣಿ ಕೂತಿದ್ದಳು. ಅಂಥದ್ದರ ಭಾರವನ್ನು ಯಾವ ತಕ್ಕಡಿ ತೂಗುತ್ತದೆ?

ಕಳೆದ 2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿದಾಗ ನಡುರಾತ್ರಿ. ಸೋತ ತಂಡದ ನಾಯಕಿ ಲಾರಾ ವೋಲ್ವಾರ್ಟ್ ಒಂಟಿಯಾಗಿ ನಿಂತು ಶತಕ ಹೊಡೆದಿದ್ದಳು. ಅವಳು ಔಟಾಗಿ ಹೋಗುವಾಗ ನಾನು ಚಪ್ಪಾಳೆ ತಟ್ಟಿದೆ. ಈ ಸಲ ಮನೆಯವರೂ ತಟ್ಟಿದರು. ನಲವತ್ತು ವರ್ಷ ಹಿಡಿಯಿತು, ಇರಲಿ.

ಅದಾಗಿ ವಾರವಾಗಿರಬೇಕು, ಅಂಕೋಲೆಯಿಂದ ತಮ್ಮನ ಫೋನು. “ಅಕ್ಕಾ, ಮೊಮ್ಮಗಳು ನಾನೂರು ಮೀಟರಿಗೆ ಹೆಸರು ಕೊಟ್ಟಿದ್ದಾಳೆ. ಮುಂದಿನ ವರ್ಷ ಹತ್ತನೇ ಕ್ಲಾಸು. ಓಡಿದ್ದು ಸಾಕೆಂದು ನೀನೇ ಒಂದು ಮಾತು ಹೇಳು, ನಿನ್ನ ಮಾತು ಕೇಳುತ್ತಾಳೆ.” ಹೇಳುತ್ತೇನೆ ಎಂದೆ. ಮರುದಿನವೇ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಡಜನ್ ಮೊಟ್ಟೆ, ಅವಳ ಅಳತೆ ಫೋನಿನಲ್ಲಿ ಕೇಳಿ ತಂದ ಒಂದು ಜೊತೆ ಬೂಟು. ತಮ್ಮ ಚೀಲ ನೋಡಿ ಸುಮ್ಮನಾದ.

ಬೆಳಗಿನ ಆರು ಗಂಟೆಗೆ ಜೈಹಿಂದ್ ಮೈದಾನದಲ್ಲಿ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಮೊಬೈಲಿನಲ್ಲಿ ಸಮಯ ಹಿಡಿಯುವುದನ್ನು ಅವಳೇ ತೋರಿಸಿಕೊಟ್ಟಳು. ನಾನು “ಹೂಂ” ಅಂದೆ, ಅವಳು ಓಡಿದಳು. ತಿರುವಿನಲ್ಲಿ ಅವಳ ಜಡೆ ಹಾರುವುದನ್ನೇ ನೋಡುತ್ತ ನಿಂತವಳಿಗೆ ಗುಂಡಿ ಒತ್ತುವುದು ಮರೆತೇಹೋಯಿತು. ಅವಳು ಏದುಸಿರು ಬಿಡುತ್ತ ಬಂದು, “ಎಷ್ಟಾಯ್ತಜ್ಜೀ?” ಅಂದಳು. ಫೋನಿನಲ್ಲಿ ಅಂಕಿಗಳು ಇನ್ನೂ ಓಡುತ್ತಲೇ ಇದ್ದವು.

“ತಡ ಮಾಡಿಬಿಟ್ಟೆ ಮಗಾ.”

“ಇರಲಿ, ಇನ್ನೊಂದು ಸಲ ಓಡ್ತೆ,” ಎಂದು ಗೆರೆಯ ಹತ್ತಿರ ಹೋಗಿ ನಿಂತಳು.