ಹೆಸರಿನ ಬೆಲೆ

ಕಿರಾಣಿ ಅಂಗಡಿಯನ್ನು ಮಾರುವಾಗ ತಕ್ಕಡಿ, ಕಪಾಟು, ಉಳಿದ ಸರಕು ಎಲ್ಲವನ್ನೂ ಎಣಿಸಿ ಬೆಲೆ ಕಟ್ಟಬಹುದು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎಣಿಸುವುದೇನು? ನಾಲ್ಕು ಮೇಜು, ಧೂಳು ಹಿಡಿದ ಒಂದಷ್ಟು ಫೈಲು. ಆದರೂ ಅದು ಮಾರಾಟವಾಗುತ್ತದೆ, ಇನ್ನೊಂದರೊಡನೆ ವಿಲೀನವೂ ಆಗುತ್ತದೆ. ಅಲ್ಲಿ ಕೈಬದಲಾಗುವುದು ಗುಡ್‌ವಿಲ್. ಹಳೆಯ ಗಿರಾಕಿಗಳು ಹಳೆಯ ಜಾಗಕ್ಕೇ ಬಂದಾರೆಂಬ ಸಂಭವವೇ ಗುಡ್‌ವಿಲ್ ಎಂಬರ್ಥದ ಮಾತನ್ನು ಇಂಗ್ಲೆಂಡಿನ ಲಾರ್ಡ್ ಎಲ್ಡನ್ 1810ರಲ್ಲಿ, ಸರಕು ಸಾಗಣೆಯ ವ್ಯಾಪಾರವೊಂದರ ದಾವೆಯಲ್ಲಿ ಹೇಳಿದ್ದರು.

ಆ 'ಬಂದಾರು' ಎಂಬುದಕ್ಕೆ ಬೆಲೆ ಕಟ್ಟುವ ರೂಢಿ ಸರಳವಾದದ್ದೇ. ವರ್ಷದ ಶುಲ್ಕದ ಮೊತ್ತವನ್ನು ಆಧಾರವಾಗಿ ಹಿಡಿಯುವುದು, ಹಣವನ್ನು ಕಂತಿನಲ್ಲಿ ಕೊಡುವುದು, ಗಿರಾಕಿಗಳು ಕೈಬಿಟ್ಟರೆ ಕಂತನ್ನು ಇಳಿಸುವುದು. ಕೊಳ್ಳುವವನಿಗೆ ಅನುಮಾನ ತಪ್ಪಿದ್ದಲ್ಲ.

ಲಂಡನ್ನಿನಲ್ಲಿ 1845ರಲ್ಲಿ ವಿಲಿಯಂ ವೆಲ್ಚ್ ಡೆಲಾಯಿಟ್, 1849ರಲ್ಲಿ ಸ್ಯಾಮ್ಯುಯೆಲ್ ಲೊವೆಲ್ ಪ್ರೈಸ್ ತಂತಮ್ಮ ಹೆಸರಿನ ಬೋರ್ಡು ಹಾಕಿ ಕುಳಿತರು. ಇಂಥವರ ಕಚೇರಿಗಳೇ ಬೆಳೆದು, ಕೂಡಿ, ಈ ವೃತ್ತಿಯಲ್ಲಿ 'ದೊಡ್ಡ ಎಂಟು' ಎನಿಸಿದವು. 1989ರ ಎರಡು ವಿಲೀನಗಳಿಂದ ಎಂಟು ಆರಾಯಿತು. ಅದರಲ್ಲೊಂದು ತಮಾಷೆಯ ಪ್ರಸಂಗ: ಡೆಲಾಯಿಟ್ ಸಂಸ್ಥೆ ಜಗತ್ತಿನ ಹಲವೆಡೆ ಟಚ್ ರಾಸ್ ಜೊತೆ ಕೂಡಿದರೆ, ಅದರ ಬ್ರಿಟನ್ನಿನ ಪಾಲುದಾರರು ಒಪ್ಪದೆ ಕೂಪರ್ಸ್ ಅಂಡ್ ಲೈಬ್ರಾಂಡ್ ಮನೆಗೆ ಹೋದರು. ಹೆಸರು ಒಂದು ಕಡೆ, ಹುಟ್ಟೂರಿನ ಜನ ಇನ್ನೊಂದು ಕಡೆ! ಆಯಾ ದೇಶದ ಪಾಲುದಾರರೇ ಆಯಾ ದೇಶದ ಸಂಸ್ಥೆಯ ಒಡೆಯರಾದ್ದರಿಂದ ಹೀಗಾಯಿತು. 1998ರಲ್ಲಿ ಪ್ರೈಸ್ ವಾಟರ್‌ಹೌಸ್ ಮತ್ತು ಕೂಪರ್ಸ್ ಒಂದಾಗಿ ಆರು ಐದಾಯಿತು.

ಐದು ನಾಲ್ಕಾದದ್ದು ವಿಲೀನದಿಂದಲ್ಲ. 1913ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಆರ್ಥರ್ ಆಂಡರ್ಸನ್ ಸಂಸ್ಥೆಯಲ್ಲಿ ಸುಮಾರು 85,000 ಜನ ಕೆಲಸಕ್ಕಿದ್ದರು. ಎನ್ರಾನ್ ಕಂಪನಿಯ ಕಾಗದಪತ್ರಗಳನ್ನು ನಾಶಮಾಡಿದ ಪ್ರಕರಣದಲ್ಲಿ 2002ರ ಮಾರ್ಚಿನಲ್ಲಿ ಆರೋಪ ಹೊರಬಿತ್ತು. ಗಿರಾಕಿಗಳು ಸಾಲುಹಿಡಿದು ಹೊರನಡೆದರು. ಒಂದೊಂದು ದೇಶದ ಕಚೇರಿಯೂ ಪ್ರತಿಸ್ಪರ್ಧಿಗಳ ಮಡಿಲು ಸೇರಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಿಕ್ಷೆಯ ತೀರ್ಪನ್ನು ರದ್ದುಮಾಡಿದಾಗ ಮರಳಿ ಬರಲು ಗಿರಾಕಿಗಳೂ ಇಲ್ಲ, ಕಚೇರಿಯೂ ಇಲ್ಲ. ತೊಂಬತ್ತು ವರ್ಷ ಕೂಡಿಟ್ಟ ಕೀರ್ತಿ ಆರೇಳು ತಿಂಗಳಲ್ಲಿ ಕರಗಿತ್ತು.

ಇದೆಲ್ಲ ದೊಡ್ಡವರ ಮಾತು. ಪರಊರಿಗೆ ಬಂದು ಒಂದೇ ಕೋಣೆಯಲ್ಲಿ ವೃತ್ತಿ ಕಟ್ಟಿದ ಲೆಕ್ಕಪರಿಶೋಧಕರು ನಮ್ಮಲ್ಲಿ ಎಷ್ಟೋ ಮಂದಿ. ಅವರ ಮನೆಯವರಿಗೆ ಇದು ಇತಿಹಾಸವಷ್ಟೇ ಅಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಪ್ರಕಾರ ಶುಲ್ಕದ ಪಾಲನ್ನು ವೃತ್ತಿಯ ಹೊರಗಿನವರಿಗೆ ಕೊಡುವಂತಿಲ್ಲ. ತೀರಿಕೊಂಡ ಪಾಲುದಾರನ ವಾರಸುದಾರರಿಗೆ ಇದರಲ್ಲಿ ವಿನಾಯಿತಿಯುಂಟು. ಒಪ್ಪಂದಪತ್ರದಲ್ಲಿ ಬರೆದಿದ್ದರೆ ವಿಧವೆಗೆ ಪಾಲು ಸಲ್ಲಬಹುದು. ಒಬ್ಬನೇ ನಡೆಸುತ್ತಿದ್ದ ಕಚೇರಿಗೆ ಅಂಥ ಆಸರೆಯಿಲ್ಲ. ಅವನೊಡನೆ ವೃತ್ತಿಯೂ ಮುಗಿಯುತ್ತದೆ.

ಈ ಕಷ್ಟಕ್ಕೆ ಲೆಕ್ಕಪರಿಶೋಧಕರ ಸಂಸ್ಥೆಯ ಮಂಡಲಿ ಒಂದು ದಾರಿ ಮಾಡಿತು. 1998ರ ಆಗಸ್ಟ್ 30ರಂದು ಅಥವಾ ಆಮೇಲೆ ತೀರಿಕೊಂಡವರ ಕಚೇರಿಯ ಗುಡ್‌ವಿಲ್ಲನ್ನು ಹೆಸರಿನ ಸಮೇತ ಅರ್ಹ ಸದಸ್ಯರೊಬ್ಬರಿಗೆ ವಾರಸುದಾರರು ಮಾರಬಹುದು. ವಾರಸಿಕೆಯ ತಕರಾರು ಇಲ್ಲದಿದ್ದರೆ ಒಂದು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ನಿಯಮ ಒಳ್ಳೆಯದೇ, ಆದರೆ ಆ ಒಂದು ವರ್ಷ ನಮಗೆ ಬಹಳ ಚಿಕ್ಕದಾಗಿ ಕಾಣುತ್ತದೆ. ಕರ್ಮಾಂತರ ಮುಗಿದು, ಮನೆಯಾಕೆ ಫೈಲುಗಳ ಬೀಗದಕೈ ಹುಡುಕುವಷ್ಟರಲ್ಲಿ ರಿಟರ್ನು ಸಲ್ಲಿಸುವ ದಿನ ಬಂದಿರುತ್ತದೆ. ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಬಾಗಿಲು ತಟ್ಟಿರುತ್ತಾರೆ.