ಬೋರ್ಡಿನಲ್ಲಿ ಉಡುಪಿ, ಎಲೆಯಲ್ಲಿ ಯಾವ ಊರು?

ಉಡುಪಿಯ ಶ್ರೀಕೃಷ್ಣ ಮಠದ ಅಡುಗೆಮನೆಯೊಳಗೆ ಈರುಳ್ಳಿಗೆ ಪ್ರವೇಶವಿಲ್ಲ. ಬೆಳ್ಳುಳ್ಳಿಗೂ ಇಲ್ಲ. ಆದರೆ ಉಡುಪಿಯ ಹೆಸರನ್ನು ದೇಶ ವಿದೇಶಗಳಿಗೆ ಹೊತ್ತೊಯ್ದ ತಿಂಡಿಯೆಂದರೆ ಮಸಾಲೆ ದೋಸೆ. ಅದರ ಹೊಟ್ಟೆಯಲ್ಲಿರುವುದು ಈರುಳ್ಳಿ ಬೆರೆತ ಆಲೂಗಡ್ಡೆ ಪಲ್ಯ. ಪರ ಊರಿನಲ್ಲಿ ‘ಉಡುಪಿ’ ಎಂಬ ಬೋರ್ಡು ಕಂಡು ಒಳಹೊಕ್ಕವನಿಗೆ ಒಳ್ಳೆಯ ತಿಂಡಿ, ಬಿಸಿ ಕಾಫಿ ಸಿಗುತ್ತದೆ. ಉಡುಪಿಯ ಊಟ ಸಿಗುವುದು ಅಪರೂಪ. ಒಂದು ಊರಿನ ಹೆಸರಿಗೂ ಆ ಊರಿನ ಅಡುಗೆಗೂ ನಡುವೆ ಇಷ್ಟು ಅಂತರ ಬಂದದ್ದು ಹೇಗೆ?

ಉಡುಪಿಯಲ್ಲಿ ಅಡುಗೆ ಒಂದು ದೊಡ್ಡ ವಿದ್ಯೆಯಾಗಿ ಬೆಳೆದದ್ದು ಮಠದ ಆಸರೆಯಲ್ಲಿ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜೆಯನ್ನು ಎಂಟು ಮಠಗಳಿಗೆ ವಹಿಸಿದರು. 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷಕ್ಕೊಮ್ಮೆ ಕೈ ಬದಲಾಗುವ ಪರ್ಯಾಯವಾಗಿ ಮಾರ್ಪಡಿಸಿದರೆಂಬುದು ಪರಂಪರೆ. ಸರದಿ ಬಂದ ಮಠಕ್ಕೆ ಪೂಜೆಯ ಜೊತೆಗೆ ಅನ್ನದಾನದ ಹೊಣೆಯೂ ಬರುತ್ತದೆ. ಪರ್ಯಾಯಕ್ಕೆ ಮೊದಲು ನಡೆಯುವ ಮುಹೂರ್ತಗಳ ಹೆಸರನ್ನೇ ನೋಡಬಹುದು: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ನಾಲ್ಕೂ ಊಟದ ಸಿದ್ಧತೆಗಳೇ. ಒಲೆಗೆ ಬೇಕಾದ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದು ಇಂದಿಗೂ ಉಡುಪಿಯ ನೋಟಗಳಲ್ಲೊಂದು.

ಈ ಅಡುಗೆಗೆ ಕಟ್ಟುಪಾಡುಗಳೂ ಬಹಳ. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಇಷ್ಟನ್ನೆಲ್ಲ ಬಿಟ್ಟೂ ಊಟ ರುಚಿಯಾಗಬೇಕು, ಸಾವಿರಾರು ಜನರಿಗೆ ಸಾಕಾಗಬೇಕು. ಅಳತೆ, ಹದ, ಮಡಿ, ವೇಗ ಎಲ್ಲವನ್ನೂ ಅಡುಗೆಯವರು ಅಲ್ಲಿ ಕಲಿತರು. ಮನೆಗಳಲ್ಲಾದರೋ ಕಾಲಕ್ಕೆ ತಕ್ಕ ಅಡುಗೆ: ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ನೀರುದೋಸೆ, ತಂಬುಳಿ, ತೆಂಗಿನಕಾಯಿ ಅರೆದು ಹಾಕಿದ ಹುಳಿ. ಕಾಪು ಸೀಮೆಯ ಮಟ್ಟು ಗ್ರಾಮದ ಗುಳ್ಳ ಬದನೆಯನ್ನು ವಾದಿರಾಜರ ಪ್ರಸಾದವೆಂದೇ ಜನ ನಂಬಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಇಂಥ ಅಡುಗೆಯ ಊರಿನಿಂದ ಜನ ಹೊರಟದ್ದು ಬಡತನದಿಂದ. ಇದ್ದ ಗದ್ದೆ ಕಡಿಮೆ, ತಿನ್ನುವ ಬಾಯಿ ಹೆಚ್ಚು. 1923ರ ದೊಡ್ಡ ನೆರೆ ಕರಾವಳಿಯ ಅನೇಕ ಸಂಸಾರಗಳನ್ನು ಇನ್ನಷ್ಟು ಕಂಗೆಡಿಸಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಮದರಾಸು ದೂರವಾದರೂ ಅದೇ ರಾಜಧಾನಿ. ಮಠದ ಅಡುಗೆಮನೆಯಲ್ಲಿ ದುಡಿದಿದ್ದ ಕಡಂದಲೆಯ ಕೃಷ್ಣ ರಾಯರು 1920ರ ದಶಕದಲ್ಲಿ ಅಲ್ಲಿಗೆ ಹೋಗಿ, ಸಣ್ಣ ಪುಟ್ಟ ಚಾಕರಿಯಿಂದ ಆರಂಭಿಸಿ, ಮೌಂಟ್ ರೋಡಿನಲ್ಲಿ ‘ಉಡುಪಿ ಶ್ರೀಕೃಷ್ಣ ವಿಲಾಸ’ವನ್ನು ತೆರೆದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ಬಂಗಲೆಯನ್ನು ಗೇಣಿಗೆ ಪಡೆದು ವಸತಿಗೃಹ ಮಾಡಿದರು. ಆ ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್. ಒಂದು ಇಂಗ್ಲಿಷ್ ಮನೆಯ ಹೆಸರು ಇಡ್ಲಿ ಸಾಂಬಾರಿನ ಹೆಸರಾಗಿ ಊರೂರು ತಿರುಗಿದ್ದು ಹೀಗೆ.

ಬೆಂಗಳೂರಿನ ಕಥೆಯೂ ಬೇರೆಯಲ್ಲ. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಆರಂಭಿಸಿದ ಅಂಗಡಿಯೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. 1943ರಲ್ಲಿ ಸಾಲಿಗ್ರಾಮದ ಉರಾಳರು ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಮನೆ ಬಿಟ್ಟು ಬಂದ ದಕ್ಷಿಣದ ಗುಮಾಸ್ತರಿಗೆ ಬಾಳೆಯೆಲೆಯ ಊಟ ಬಡಿಸಿತು. ಕರಾವಳಿಯಲ್ಲಿ ‘ಮಾಣಿ’ ಎಂದರೆ ಹುಡುಗ. ಬೆಂಗಳೂರಿನವರ ಬಾಯಲ್ಲಿ ಆ ಮಾತಿಗೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು ಎಂಬ ಅರ್ಥ ಬಂತು. ಎಷ್ಟು ಹುಡುಗರು ಊರು ಬಿಟ್ಟರೆಂಬುದಕ್ಕೆ ಆ ಒಂದು ಶಬ್ದವೇ ಸಾಕ್ಷಿ.

ಆದರೆ ಈ ಹೋಟೆಲುಗಳ ಬೋರ್ಡು ಮೊದಮೊದಲು ಹೇಳುತ್ತಿದ್ದುದು ರುಚಿಯ ಸುದ್ದಿಯನ್ನಲ್ಲ, ಅಡುಗೆ ಮಾಡಿದವರ ಜಾತಿಯನ್ನು. ಪರರ ಕೈಯ ಅನ್ನ ಉಣ್ಣಲು ಅಳುಕುತ್ತಿದ್ದ ಕಾಲ ಅದು. ಮಯ್ಯರ ಅಂಗಡಿಯ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದಿತ್ತು. ಎಷ್ಟೋ ಕಡೆ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಜಾಗ. ದಲಿತರಿಗೆ ಒಳಗೆ ಜಾಗವೇ ಇಲ್ಲ. 1957ರಲ್ಲಿ ಪೆರಿಯಾರ್ ರಾಮಸ್ವಾಮಿಯವರ ದ್ರಾವಿಡರ ಕಳಗವು ಮದರಾಸಿನ ಮುರಳಿ ಕೆಫೆಯ ಮುಂದೆ ಸತ್ಯಾಗ್ರಹ ಹೂಡಿದ್ದು, ಬೋರ್ಡಿನ ಮೇಲಿದ್ದ ‘ಬ್ರಾಹ್ಮಣ’ ಎಂಬ ಶಬ್ದವನ್ನು ಅಳಿಸಬೇಕೆಂದೇ. ಕಾನೂನು, ಚಳವಳಿ, ವ್ಯಾಪಾರದ ಲೆಕ್ಕಾಚಾರ ಮೂರೂ ಸೇರಿ ಗೋಡೆಗಳನ್ನು ಕೆಡವಿದವು. ಕಾಸು ಕೊಟ್ಟ ಯಾರೂ ಯಾರ ಪಕ್ಕದಲ್ಲಾದರೂ ಕುಳಿತು ತಿನ್ನಬಹುದೆಂಬುದು ಸಾಮಾನ್ಯ ಸಂಗತಿಯಾಯಿತು. ಇತ್ತ ಉಡುಪಿಯಲ್ಲಿಯೇ, ಮಠದ ಊಟದ ಪಂಕ್ತಿಭೇದವನ್ನು ವಿರೋಧಿಸಿ 2014ರಲ್ಲಿ ಕೂಡ ಪ್ರತಿಭಟನೆ ನಡೆಯಬೇಕಾಯಿತು. ಉಡುಪಿಯ ಹೆಸರಿನ ಹೋಟೆಲು ಉಡುಪಿಗಿಂತ ಮುಂದೆ ನಡೆದಿತ್ತು.

ಬೋರ್ಡಿನ ಅರ್ಥ ಬದಲಾದಂತೆ ಎಲೆಯ ಮೇಲಿನ ಪದಾರ್ಥವೂ ಬದಲಾಯಿತು. ಮಠದಲ್ಲಿ ಮಾಡಿದ್ದು ಆ ಹೊತ್ತಿಗೇ ಮುಗಿಯುತ್ತದೆ. ಹೋಟೆಲಿನಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಗಿರಾಕಿ. ಕಾಯಿ ಅರೆದ ಹುಳಿ ಬೇಗ ಹಳಸುತ್ತದೆ. ಬೇಳೆ ಹೆಚ್ಚಿರುವ ಸಾಂಬಾರು ತಾಳುತ್ತದೆ. ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬಿಗೆ ಕೈಗೆಲಸ ಜಾಸ್ತಿ. ಒಮ್ಮೆ ರುಬ್ಬಿಟ್ಟ ಹಿಟ್ಟಿನಿಂದ ದೋಸೆ ನಿಮಿಷದಲ್ಲಿ ಎದ್ದು ಬರುತ್ತದೆ. ಆಲೂಗಡ್ಡೆ ಎಲ್ಲ ಊರಿನಲ್ಲೂ ಎಲ್ಲ ಕಾಲದಲ್ಲೂ ಸಿಗುತ್ತದೆ, ಮಟ್ಟುಗುಳ್ಳ ಸಿಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ಮಾವಳ್ಳಿಯ ಹೋಟೆಲಿನವರು ಹೇಳುತ್ತಾರೆ. ಹೀಗೆ ನಗರದ ಹಸಿವು, ನಗರದ ಗಡಿಯಾರ, ನಗರದ ಮಾರುಕಟ್ಟೆ ಸೇರಿ ರೂಪಿಸಿದ ತಿಂಡಿಗೆ ಉಡುಪಿಯ ಹೆಸರು ನಿಂತಿತು. ಊರಿನಿಂದ ಹೋದದ್ದು ಅಡುಗೆಯ ಪಟ್ಟಿಯಲ್ಲ, ಅಡುಗೆಯ ಶಿಸ್ತು.

ಈ ಹೆಸರು ಇನ್ನೊಂದನ್ನು ಮರೆಮಾಡಿತು. ಉಡುಪಿ, ಕಾಪು, ಕಾರ್ಕಳದ ಬಹುಪಾಲು ಮನೆಗಳ ಊಟ ಮೀನು ಸಾರು, ಕುಚ್ಚಲಕ್ಕಿಯ ಗಂಜಿ. ಹಬ್ಬ ಬಂದರೆ ಕೋಳಿ. ಮೊಗವೀರರು, ಬಿಲ್ಲವರು, ಬಂಟರು ಹೋಟೆಲಿನ ಕೆಲಸಕ್ಕೆ ಕಡಿಮೆ ಹೋದವರಲ್ಲ. ಆದರೂ ಪರ ಊರಿನಲ್ಲಿ ‘ಉಡುಪಿ’ ಎಂದರೆ ಸಸ್ಯಾಹಾರ. ಮೀನಿನ ಹೋಟೆಲು ‘ಮಂಗಳೂರು’ ಎಂದೋ ‘ಕುಂದಾಪುರ’ ಎಂದೋ ಬೋರ್ಡು ಹಾಕಿಕೊಳ್ಳಬೇಕಾಯಿತು. ಒಂದೇ ತೀರದ ಅನ್ನ ಎರಡು ಹೆಸರಾಯಿತು.

ಈಗ ನಡೆ ತಿರುಗಿದೆ. ಉಡುಪಿಗೆ ಅಂಟಿಕೊಂಡೇ ಇರುವ ಮಣಿಪಾಲ ಒಂದು ಕಾಲಕ್ಕೆ ಬೋಳು ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಅಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ನಾಡು ಹೊರನಾಡುಗಳ ವಿದ್ಯಾರ್ಥಿಗಳು ಬರತೊಡಗಿದರು. ಹಿಂದೆ ಮದರಾಸಿನಲ್ಲಿ ಉಡುಪಿಯವರು ತಮ್ಮ ಊಟ ಹುಡುಕಿದಂತೆ, ಮಣಿಪಾಲದ ಬೀದಿಗಳಲ್ಲಿ ಅವರು ತಮ್ಮ ತಮ್ಮ ಊರಿನ ಊಟ ಹುಡುಕುತ್ತಾರೆ. ಹೋಟೆಲು ನಡೆಸುವ ವಿದ್ಯೆಗೂ ಅಲ್ಲಿ 1980ರ ದಶಕದಲ್ಲಿ ಕಾಲೇಜು ಬಂತು. ಅದರ ಹಳೆಯ ವಿದ್ಯಾರ್ಥಿ ವಿಕಾಸ್ ಖನ್ನಾ ಅವರ ಹೆಸರಿನ ಅಡುಗೆ ವಸ್ತುಸಂಗ್ರಹಾಲಯ 2018ರಲ್ಲಿ ತೆರೆಯಿತು. ಅದರ ಕಟ್ಟಡದ ಆಕಾರ ಕೂಡ ಪಾತ್ರೆಯದೇ.

ಹಾಗಾದರೆ ಉಡುಪಿಯ ಊಟವನ್ನು ಎಲ್ಲಿ ಹುಡುಕಬೇಕು? ಬೋರ್ಡು ನೋಡಿದರೆ ಸಾಲದು, ಪಂಚಾಂಗ ನೋಡಬೇಕು. ಆಷಾಢದ ಮಳೆ ಹಿಡಿದಾಗ ಪತ್ರೊಡೆ, ನಾಗರಪಂಚಮಿಗೆ ಅರಸಿನ ಎಲೆಯ ಕಡುಬು, ಅಷ್ಟಮಿಗೆ ಮೂಡೆ, ಚಳಿಗಾಲ ಬಂದು ಸಂತೆಗೆ ಗುಳ್ಳ ಇಳಿದಾಗ ಅದರ ಹುಳಿ. ದುಡಿಯಲು ಹೋದ ಮಾಣಿಗಳು ಇವನ್ನು ಗಲ್ಲಾಪೆಟ್ಟಿಗೆಯ ಲೆಕ್ಕಕ್ಕೆ ಒಗ್ಗಿಸಲಾರದೆ ಊರಿನಲ್ಲೇ ಬಿಟ್ಟು ಹೋದರು. ಊರಿನ ಹೆಂಗಸರು ಮನೆಯ ಒಲೆಯ ಮೇಲೆ ಅವನ್ನು ಉಳಿಸಿಕೊಂಡು ಬಂದರು. ಯಾವ ಬೋರ್ಡಿನ ಮೇಲೂ ಅವರ ಹೆಸರಿಲ್ಲ.